ಮೊದಲ ವಾರದ ರೊಕ್ಕ

ಮಾತಾಡುವವರು ಮೂವರು. ಸಂಘದಾಕೆ ಮಕ್ತಲ್‌ನವರು, ಮಹಿಳಾ ಉಳಿತಾಯ ಸಂಘದ ಲೆಕ್ಕದ ಪುಸ್ತಕ ಬಹಳ ಕಾಲದಿಂದ ಅವರ ಕೈಯಲ್ಲಿದೆ. ಮಗ್ಗದವನು ನಾರಾಯಣಪೇಟೆಯ ಹುಡುಗ. ಹೊಲದವನು ಗದ್ವಾಲದ ಕಡೆಯವನು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಡಿಗಡ್ಡೆಯಲ್ಲಿ ಹತ್ತಿ ಬೀಜ ಬೆಳೆಯುತ್ತಾನೆ. ಮೂವರ ಮನೆಮಾತೂ ಕನ್ನಡ. ಅವರ ಪಾಸ್‌ಬುಕ್ಕು, ರೇಷನ್ ಕಾರ್ಡು ತೆಲುಗಿನಲ್ಲಿವೆ, ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿದೆ. ಆಡಿದ ಮಾತನ್ನು ಆಡಿದ ಹಾಗೆ ಬಿಟ್ಟು, ಎರಡು ಮೂರು ಕಡೆ ಮಾತ್ರ ನಾನು ಮೂಗು ತೂರಿಸಿದ್ದೇನೆ.

ಮಗ್ಗದವ: ಅಕ್ಕಾ, ಮೊಬೈಲ್‌ನಾಗ ಒಬ್ಬಾಂವ ದಿನಾ ಬರ್ತಾನ. ಟೈ ಕಟ್ಕೊಂಡು, ಆರು ತಿಂಗಳ ಖರ್ಚಿನಷ್ಟು ರೊಕ್ಕ ತೆಗೆದಿಡ್ರಿ, ಕಷ್ಟಕಾಲಕ್ಕ ಆಗ್ತದ ಅಂತ ಹೇಳ್ತಾನ. ನಮ್ಮ ಮನ್ಯಾಗ ಆರು ದಿನದ್ದು ಇದ್ರ ದೊಡ್ಡದು.

ಸಂಘದಾಕೆ: ಆತ ಸುಳ್ಳು ಹೇಳ್ಲಿಕತ್ತಿಲ್ಲ, ಬ್ಯಾರೆಯವರಿಗಿ ಹೇಳ್ಲಿಕತ್ತಾನ. ಒಂದನೇ ತಾರೀಖಿಗಿ ಪಗಾರ ಬೀಳೋರಿಗಿ ಆರು ತಿಂಗಳು ಅಂದ್ರ ಲೆಕ್ಕ ಸಿಗ್ತದ. ನಿನಗ ತಿಂಗಳು ಎಲ್ಲದ? ನಿನ್ನ ಕೈಗಿ ರೊಕ್ಕ ಯಾವಾಗ ಬರ್ತದ, ಅದು ಹೇಳು ಮೊದಲ.

ಮಗ್ಗದವ: ಸೀರಿ ಇಳದಾಗ. ನಮ್ಮ ನಾರಾಯಣಪೇಟಿ ಮಗ್ಗಕ್ಕ ಎಂಟು ಸೀರಿಯ ಹಾಸು ಒಮ್ಮಿಗೇ ಏರ್ತದ, ಐವತ್ತಾರು ಗಜ. ರೇಷ್ಮಿ ಸಾಹುಕಾರಂದು, ಜರಿ ಸಾಹುಕಾರಂದು. ನೇಯ್ದು ಕೊಟ್ಟ ಮ್ಯಾಲ ನಮಗ ಕೂಲಿ. ಅದ್ರಾಗೂ ಹಳೇ ಬಾಕಿಗಿ ಅಂತ ಒಂದಿಷ್ಟು ಮುರ್ಕೋತಾನ. ಮಳಿಗಾಲ ಬಂತಂದ್ರ ಮಗ್ಗದ ಕುಣ್ಯಾಗ ನೀರು ಜಿನುಗ್ತದ, ಕಾಲಿಡ್ಲಿಕ್ಕ ಆಗೂದಿಲ್ಲ. ಬಣ್ಣ ಹಾಕಿದ ನೂಲು ಒಣಗೂದಿಲ್ಲ. ಹದಿನೈದು ದಿನದ ಕೆಲಸ ಒಂದೂವರಿ ತಿಂಗಳು ಜಗ್ತದ.

ಹೊಲದವ: ನಿಂದು ವರ್ಷದಾಗ ಐದಾರು ಸಲನಾದ್ರೂ ಬರ್ತದಪಾ. ನಂದು ಒಮ್ಮೆ. ಹತ್ತಿ ಬೀಜದ ಹೊಲ ಅಂದ್ರ ಗೊತ್ತಲ್ಲ? ಸಂಜೀಕ ಮೊಗ್ಗು ಬಿಡಿಸಿ ಅದ್ರಾಗಿನ ಗಂಡು ಭಾಗ ಕೀಳಬೇಕು. ಮರುದಿನ ಮುಂಜಾನಿ ಬ್ಯಾರೆ ಸಾಲಿನ ಹೂವಿನ ಪರಾಗ ತಂದು ಅದಕ್ಕ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈಲೇ. ಕೂಲಿಯವರಿಗಿ ಅವತ್ತಿನ ರೊಕ್ಕ ಅವತ್ತೇ ಕೊಡಬೇಕು. ನನಗ ಬರೋದು ಯಾವಾಗ? ಬೀಜ ಕಂಪನಿಗಿ ಹೋಗಿ, ಮೊಳಕಿ ಬರ್ತದೋ ಇಲ್ಲೋ, ತಳಿ ಶುದ್ಧ ಅದಾನೋ ಇಲ್ಲೋ ನೋಡಿ, ಪಾಸು ಅಂದ ಮ್ಯಾಲ. ನಡುವ ಆರ್ಗನೈಸರ್ ಅಂತ ಒಬ್ಬಾಂವ ಇರ್ತಾನ. ಗೊಬ್ಬರ, ಎಣ್ಣಿ, ಕೂಲಿಗಿ ಅಡ್ವಾನ್ಸ್, ಎಲ್ಲಾ ಆತನೇ ಕೊಡ್ತಾನ, ಬಡ್ಡಿ ಹಚ್ಚಿ. ಕಡೀಕ ಲೆಕ್ಕ ಚುಕ್ತಾ ಮಾಡಿದಾಗ ಉಳಿದಿದ್ದು ನಂದು. ಫೇಲ್ ಆದ್ರ ಬಡ್ಡಿ ನಂದು.

ಸಂಘದಾಕೆ: ನೋಡು, ಇಬ್ಬರೂ ಮೊದಲು ಸಾಲ ಉಂಡು ಆಮ್ಯಾಲ ದುಡ್ಯೋರು. ಇಂಥಾ ಮನಿಗಿ ಆರು ತಿಂಗಳ ಮಾತು ಹೇಳಿದ್ರ, ಆಗೂದಿಲ್ಲ ಬಿಡು ಅಂತ ಮೂರು ದಿನದ್ದೂ ಇಡೂದಿಲ್ಲ. ನಾ ಹೇಳೋದು ಬ್ಯಾರೆ. ಹೋದ ವರ್ಷ ನಿಮ್ಮಪ್ಪಗ ಎದಿ ನೋವು ಬಂತಲ್ಲ, ಆ ಲೆಕ್ಕ ಒಮ್ಮೆ ಹೇಳು.

ಮಗ್ಗದವ: ಅದೇನು ಲೆಕ್ಕ ಅಕ್ಕಾ, ಆರೋಗ್ಯಶ್ರೀ ಕಾರ್ಡಿನ ಮ್ಯಾಲ ಆತಲ್ಲ. ಸ್ಟೆಂಟ್ ಹಾಕಿದ್ರು, ನಮಗ ಒಂದು ರೂಪಾಯಿ ಕೇಳಿಲ್ಲ.

ಸಂಘದಾಕೆ: ಸ್ಟೆಂಟಿಂದು ಕೇಳ್ಲಿಕತ್ತಿಲ್ಲ. ಅವತ್ತು ರಾತ್ರಿ ಮನಿ ಬಿಟ್ಟಾಗಿಂದ ಹೇಳು.

ಮಗ್ಗದವ: 108ಕ್ಕ ಹಚ್ಚಿದ್ವಿ. ಬ್ಯಾರೆ ಕೇಸಿಗಿ ಹೋಗ್ಯಾದ, ತಡ ಆಗ್ತದ ಅಂದ್ರು. ಕಾರು ಮಾಡ್ಕೊಂಡು ಮಹಬೂಬನಗರಕ್ಕ ಹೋದ್ವಿ, ಅಲ್ಲಿಂದ ಹೈದರಾಬಾದಿಗಿ. ಗಾಡಿಗಿ 5,000. ಮಹಬೂಬನಗರದಾಗ ಪ್ರೈವೇಟ್ ಕಡೆ ರಕ್ತ, ಇಸಿಜಿ, ಎಕೋ ಅಂತ 3,200. ಕಾರ್ಡು ಪಾಸ್ ಆಗೋತನ ಔಷಧಿ ಹೊರಗಿಂದು. ನಾನು, ಅವ್ವ ಇಬ್ಬರದ್ದೂ ಊಟ, ಚಾ. ಅಷ್ಟೂ ಸೇರಿ 10,000.

ಸಂಘದಾಕೆ: ಆ 10,000 ಎಲ್ಲಿಂದ ಬಂತು?

ಮಗ್ಗದವ: ಓಣ್ಯಾಗ ಒಬ್ಬರ ಹತ್ರ. ರಾತ್ರಿ ಹನ್ನೊಂದಕ್ಕ ಯಾರು ಕೊಡ್ತಾರ? ನೂರಕ್ಕ ಐದು.

ಸಂಘದಾಕೆ: ತಿಂಗಳಿಗಿ 500. ಮುಟ್ಟಿಸಿದ್ದು ಯಾವಾಗ?

ಮಗ್ಗದವ: ವರ್ಷ ಹಿಡೀತು. ಅಪ್ಪ ಮಗ್ಗಕ್ಕ ಕೂಡಂಗಿಲ್ಲ, ಕಂಡಿಕಿ ಸುತ್ತೋ ಅವ್ವ ಅಪ್ಪನ್ನ ನೋಡ್ಕೊಂಡು ಕುಂತಳು. ಬರೇ ಬಡ್ಡಿ ಕಟ್ಕೋತ ಹೋದ್ವಿ.

ಸಂಘದಾಕೆ: ಲಕ್ಷಾಂತರದ ಇಲಾಜು ಬಿಟ್ಟಿ ಆತು, ಗಾಡಿ, ಔಷಧಿ, ಊಟಕ್ಕ ಬಡ್ಡಿ ಸೇರಿ 16,000 ಕೊಟ್ಟಿ. ನಾ ಇಷ್ಟು ವರ್ಷ ಸಂಘದ ಪುಸ್ತಕ ಬರದೀನಿ. ನಮ್ಮ ಊರ ಮನಿಗಳು ಮುರಿದಿದ್ದು ದೊಡ್ಡ ಖರ್ಚಿನಾಗ ಕಡಿಮಿ, ಮೊದಲ ವಾರದಾಗ ಹೆಚ್ಚು. ದೊಡ್ಡದಕ್ಕ ಯಾವುದರ ಕಾರ್ಡು, ಯಾವುದರ ಸ್ಕೀಮು, ಬಂಧು ಬಳಗ ಎಲ್ಲಾ ಬರ್ತಾವ, ಆದ್ರ ತಡಾ ಮಾಡಿ ಬರ್ತಾವ. ಅವು ಬರೋತನ ಏಳೆಂಟು ದಿನ ನಿಂದೇ. ಆ ಏಳೆಂಟು ದಿನಕ್ಕ ಬಡ್ಡಿ ಇಲ್ಲದ ರೊಕ್ಕ ಇದ್ರ ಸಾಕು, ಅದೇ ಕಷ್ಟಕಾಲದ ರೊಕ್ಕ.

(ಸರ್ಕಾರದ ಆರೋಗ್ಯಶ್ರೀ ಯೋಜನೆ ಈ ನೆಲಕ್ಕೆ ಹೊಸದಲ್ಲ. 2007ರ ಏಪ್ರಿಲ್ 1ರಂದು ಅವಿಭಜಿತ ಆಂಧ್ರಪ್ರದೇಶದಲ್ಲಿ ಅದನ್ನು ಮೊದಲು ಜಾರಿಗೆ ತಂದ ಮೂರು ಜಿಲ್ಲೆಗಳಲ್ಲಿ ಮಹಬೂಬನಗರವೂ ಒಂದು. ಅನಂತಪುರ, ಶ್ರೀಕಾಕುಳಂ ಉಳಿದೆರಡು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಆಗ ಮಹಬೂಬನಗರ ಜಿಲ್ಲೆಯ ಊರುಗಳೇ. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಬೇರೆ ಜಿಲ್ಲೆಗಳಾದವು. 2023ರ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಆರೋಗ್ಯಶ್ರೀ ಮಿತಿ 10 ಲಕ್ಷ ರೂಪಾಯಿ. ಆಪರೇಷನ್ನಿನ ಭಯ ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ರಾತ್ರೋರಾತ್ರಿ ಮಾಡಿಕೊಂಡ ಗಾಡಿ, ಜೊತೆಗಿದ್ದವರ ಊಟ, ನಿಂತುಹೋದ ಕೂಲಿ ಆ ಕಾರ್ಡಿನಲ್ಲಿ ಇಲ್ಲ.)

ಹೊಲದವ: ಕೃಷ್ಣಾ ಮಂಡಲದವರ ಪಾಡು ಇನ್ನೂ ಬ್ಯಾರೆ. ಅವರಿಗಿ ದವಾಖಾನಿ ಅಂದ್ರ ರಾಯಚೂರು. ಹೊಳಿ ದಾಟಿದ್ರ ಆತು. ಆದ್ರ ಕಾರ್ಡು ತೆಲಂಗಾಣದ್ದು.

ಸಂಘದಾಕೆ: ಅದನ್ನ ರೋಗ ಬರೋಕಿಂತ ಮುಂಚೆ ಕೇಳಿ ಇಟ್ಕೋಬೇಕು. ಯಾವ ದವಾಖಾನಿಯಾಗ ಯಾವ ಕಾರ್ಡು ನಡೀತದ, ಎಲ್ಲಿ ನಡೆಯೂದಿಲ್ಲ. ನಮ್ಮ ತಂಗಿ ರಾಯಚೂರ ತಾಲೂಕಿನಾಗ ಇದಾಳ. ಆಕಿಗಿ ಗೃಹಲಕ್ಷ್ಮಿ 2,000 ಬರ್ತದ, ನನಗಿಲ್ಲ. ನನಗ ಬಸ್ ಫ್ರೀ, ಆಕಿಗೂ ಆಕಿ ರಾಜ್ಯದಾಗ ಫ್ರೀ. ಹೊಳಿ ಒಂದೇ, ಲೆಕ್ಕ ಎರಡು. ನಾ ಮಹಬೂಬನಗರಕ್ಕೋ ನಾರಾಯಣಪೇಟಿಗೋ ಹೋದಾಗ ಕಂಡಕ್ಟರ್ ಜೀರೋ ಟಿಕೇಟ್ ಕೊಡ್ತಾನಲ್ಲ, ಮನಿಗಿ ಬಂದು ಆ ಚಾರ್ಜಿನಷ್ಟು ರೊಕ್ಕ ಡಬ್ಬಿಗಿ ಹಾಕ್ತೀನಿ.

ಮಗ್ಗದವ: ಟಿಕೇಟಿಂದು ಡಬ್ಬಿಗಿ ಹಾಕಿ ಎಷ್ಟಾದೀತು?

ಸಂಘದಾಕೆ: ಮೊದಲ ವಾರಕ್ಕ ಎಷ್ಟು ಬೇಕು ಅನ್ನೋದು ನಿನಗ ಈಗ ಗೊತ್ತಾತಲ್ಲ, 10,000. ನಿನ್ನ ಮನಿಯ ಗುರಿ ಅಷ್ಟೇ. ಅದಕ್ಕೊಂದು ಸೀರಿಯ ಕೂಲಿ ಕೂಡಿಸು, ಮಗ್ಗ ನಿಂತ ದಿನಕ್ಕ. ಪ್ರತಿ ಹಾಸಿಗಿ ಎಂಟು ಸೀರಿ ಇಳೀತಾವಲ್ಲ, ಎಂಟನೇ ಸೀರಿಯ ಕೂಲ್ಯಾಗ ಅರ್ಧ ಅತ್ತ ಇಡು. ದಿನಾ ಹತ್ತು, ದಿನಾ ಇಪ್ಪತ್ತು ಅಂದ್ರ ನಿನ್ನಂಥವರಿಗಿ ಆಗೂದಿಲ್ಲ, ದಿನಾ ಬರೋದೇ ಇಲ್ಲಲ್ಲ. ಬಂದ ದಿನ, ಸಾಹುಕಾರನ ಕಟ್ಟಿ ಇಳಿಯೋಕಿಂತ ಮೊದಲು ತೆಗಿ. ಮನಿಗಿ ತಂದ ಮ್ಯಾಲ ಉಳಿದಿದ್ದು ಇಡ್ತೀನಿ ಅಂದ್ರ ಉಳಿಯೂದೇ ಇಲ್ಲ.

ಮಗ್ಗದವ: ಎಲ್ಲಿ ಇಡ್ಲಿ? ಡಬ್ಬ್ಯಾಗ?

ಸಂಘದಾಕೆ: ಡಬ್ಬ್ಯಾಗ 2,000 ಸಾಕು, ರಾತ್ರಿ ಗಾಡಿಗಿ. ಅದಕ್ಕೂ ಹೆಚ್ಚು ಬ್ಯಾಡ. 2016ರ ನವೆಂಬರ್ 8 ನೆನಪದ ಏನು? 500, 1,000ದ ನೋಟು ನಿಂತ್ವು ಅಂದಾಗ ಗಂಡಗ ಕಾಣದಂಗ ಅಕ್ಕಿ ಚೀಲದಾಗ, ಸೀರಿ ಮಡಿಕಿಯಾಗ ಇಟ್ಟಿದ್ದು ಎಲ್ಲಾ ಹೊರಗ ಬಂತು. ನಮ್ಮ ಓಣ್ಯಾಗ ಒಂದೊಂದು ಮನ್ಯಾಗ ಅದೇ ದೊಡ್ಡ ಜಗಳ. ಕೂಡಿಟ್ಟಿದ್ದಕ್ಕ ಬೈಸ್ಕೊಂಡ್ರು ಪಾಪ. ಉಳಿದಿದ್ದು ಪೋಸ್ಟಿನ್ಯಾಗೋ ಬ್ಯಾಂಕಿನ್ಯಾಗೋ ಬ್ಯಾರೆ ಖಾತಿಯಾಗ ಇಡು. ಆ ಖಾತಿಗಿ ಫೋನ್‌ಪೇ ಜೋಡಿಸಬ್ಯಾಡ.

ಹೊಲದವ: ಫೋನ್‌ಪೇ ಇಲ್ಲದ ಖಾತಿ ಕಷ್ಟಕಾಲಕ್ಕ ಏನು ಉಪಯೋಗ? ರಾತ್ರಿ ಹನ್ನೊಂದಕ್ಕ ಬ್ಯಾಂಕ್ ತೆರೀತದೇನು?

ಸಂಘದಾಕೆ: ಅದಕ್ಕೇ ಡಬ್ಬಿಯಾಗ 2,000. ರಾತ್ರಿದು ರಾತ್ರಿಗಿ, ಬ್ಯಾಂಕಿಂದು ಮರುದಿನಕ್ಕ. ಎಟಿಎಂ ಕಾರ್ಡು ಹೆಂಡ್ತಿ ಹತ್ರ ಇರ್ಲಿ. ಫೋನಿನ್ಯಾಗ ಇದ್ರ ರೀಚಾರ್ಜಿಗಿ, ಬಿರಿಯಾನಿಗಿ ಹೋಗ್ತದ. ನಾ ನೋಡದ್ದೇನಲ್ಲ.

ಹೊಲದವ: ಅಕ್ಕಾ, ಇಷ್ಟೊತ್ತು ಸುಮ್ನ ಕೇಳಿದೆ. ಉಳಿಸ್ರಿ ಉಳಿಸ್ರಿ ಅಂತೀರಿ, ಉಳಿದ್ರ ತಾನೇ ಉಳಿಸೋದು? ಆರ್ಗನೈಸರ್ ಅಡ್ವಾನ್ಸಿಗಿ ನೂರಕ್ಕ ಎರಡು ಹಚ್ತಾನ. ಅವನ ಹತ್ರ ತಗೊಳ್ಳದಿದ್ರ ಬೀಜದ ಹೊಲ ಸಿಗೂದಿಲ್ಲ. ನಮ್ಮ ಊರಾಗ ಹೊಲ ಇಲ್ಲದ ಮಂದಿ ಮೇಸ್ತ್ರಿ ಕಡಿಂದ ಅಡ್ವಾನ್ಸ್ ತಗೊಂಡು ಪುಣಾಕ್ಕ, ಮುಂಬೈಗಿ ಗುಳೇ ಹೋಗ್ತಾರ. ಅವರಿಗಿ ಹೋಗಿ ಬಜೆಟ್ ಬರಕೋರಿ ಅಂತ ಹೇಳ್ತೀರೇನು? ಖರ್ಚು ಹೆಚ್ಚಾಗಿ ಬಡವರಾದವರಲ್ಲ ಅವರು.

ಸಂಘದಾಕೆ: ಅದಕ್ಕ ನನ್ನ ಹತ್ರ ಉತ್ತರ ಇಲ್ಲ.

(ಇಲ್ಲಿ ನಾನು ಹೊಲದವನ ಪಕ್ಷ. ಮನೆವಾರ್ತೆಯ ಹಣಕಾಸಿನ ಬಗ್ಗೆ ಬರೆಯುವವರು ಕೂಲಿ ಮತ್ತು ಬೆಲೆಯ ಪ್ರಶ್ನೆಯನ್ನು ಬದಿಗಿಟ್ಟು ನೇರ ಉಳಿತಾಯಕ್ಕೆ ಹಾರುತ್ತಾರೆ. ಪಾಲಮೂರಿನ, ಅಂದರೆ ಮಹಬೂಬನಗರ ಸೀಮೆಯ, ಕೂಲಿಯವರು ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ದೇಶವೆಲ್ಲ ಹೋಗಿದ್ದಾರೆ. ಹೋಗುವ ಮೊದಲೇ ಕೈಗೆ ಬಂದ ಮುಂಗಡ ಅವರ ಮುಂದಿನ ತಿಂಗಳುಗಳನ್ನು ತಿಂದು ಮುಗಿಸಿರುತ್ತದೆ. ಅದನ್ನು ಡಬ್ಬಿಯೊಂದರಿಂದ ಸರಿಪಡಿಸಲಾಗದು. ಆದರೆ ಸಂಘದಾಕೆಯ ಮಾತು ಇನ್ನೂ ಮುಗಿದಿರಲಿಲ್ಲ.)

ಸಂಘದಾಕೆ: ಉತ್ತರ ಇಲ್ಲ ಅಂದೆ. ಆದ್ರ ಒಂದು ಕೇಳ್ತೀನಿ. ಆರ್ಗನೈಸರ್ ನೂರಕ್ಕ ಎರಡು ಹಚ್ತಾನ, ವರ್ಷಕ್ಕ ಇಪ್ಪತ್ನಾಕು ಆತು. ಹೋದ ಶ್ರಾವಣದಾಗ ಮಗಗ ಡೆಂಗಿ ಬಂದಾಗ ಎಷ್ಟಕ್ಕ ತಂದಿ?

ಹೊಲದವ: ಡೈಲಿ ಫೈನಾನ್ಸ್. 10,000 ಬರಕೊಂಡು ಕೈಗಿ 8,500 ಕೊಟ್ರು. ದಿನಾ 100ರಂಗ ನೂರು ದಿನ.

ಸಂಘದಾಕೆ: 1,500 ಬಡ್ಡಿ ಅಂತ ತಿಳ್ಕೊಂಡಿ. ಆದ್ರ ಮೊದಲ ದಿನದಿಂದನೇ ಅಸಲು ವಾಪಸ್ ಕೊಟ್ಕೋತ ಹೊಂಟೀದಿ, ಪೂರಾ ರೊಕ್ಕ ನಿನ್ನ ಹತ್ರ ಒಂದು ದಿನನೂ ಇಲ್ಲ. ಸರಿಯಾಗಿ ಲೆಕ್ಕ ಹಾಕಿದ್ರ ವರ್ಷಕ್ಕ ನೂರಕ್ಕ ನೂರಾ ಇಪ್ಪತ್ತರ ಹತ್ರ ಬೀಳ್ತದ. ಆರ್ಗನೈಸರ್ ಸಾಲ ನಿನಗ ತಪ್ಪೂದಿಲ್ಲ, ಒಪ್ಪಿದೆ. ಈ ನೂರಾ ಇಪ್ಪತ್ತರದ್ದು ತಪ್ಪಿಸಬಹುದಲ್ಲ? ರೈತು ಭರೋಸಾ ಎಕರೆಗಿ 6,000 ಬಿತ್ತಲ್ಲ ನಿನಗ, ಏನು ಮಾಡಿದಿ?

ಹೊಲದವ: ಬಿತ್ತಿಗಿ ಅಂತ ಕೊಟ್ಟಿದ್ದು, ಬಿತ್ತಿಗೇ ಹೋತು.

ಸಂಘದಾಕೆ: ಎಷ್ಟು ಎಕರೆ?

ಹೊಲದವ: ಮೂರು. ಎಲ್ಲಾ ಬಿತ್ತಿಗೇ ಅಂದ್ರ... ಒಂದಿಷ್ಟು ಜಾತ್ರಿಗೂ ಹೋತು.

ಸಂಘದಾಕೆ: ಜಾತ್ರಿ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಜಾತ್ರಿ ಪ್ರತಿ ವರ್ಷ ಬರ್ತದ, ಅದು ಅಕಸ್ಮಾತ್ ಅಲ್ಲ. ಜೂನ್‌ನಾಗ ಸಾಲಿ ಫೀಜು, ಮಳಿಗಾಲದಾಗ ಈತನ ಮಗ್ಗ ನಿಂದ್ರೋದು, ಮದುವಿ, ಇವೆಲ್ಲಾ ಕ್ಯಾಲೆಂಡರ್‌ನಾಗ ಇದ್ದದ್ದೇ. ಇವಕ್ಕ ಬ್ಯಾರೆ ಡಬ್ಬಿ, ಇಲ್ಲಾ ಸಂಘದ ಸಾಲ. ಕಷ್ಟಕಾಲದ ಡಬ್ಬಿಗಿ ಇವು ಕೈ ಹಾಕಬಾರದು. ಇವೇ ಅದನ್ನ ಖಾಲಿ ಮಾಡೋವು, ರೋಗ ಅಲ್ಲ.

ಮಗ್ಗದವ: ಮತ್ತ ಚೀಟಿ? ನಮ್ಮ ಓಣ್ಯಾಗ ಇಪ್ಪತ್ತು ಮಂದಿ ಸೇರಿ ತಿಂಗಳಿಗಿ ಸಾವಿರದಂಗ ಹಾಕ್ತೀವಿ.

ಸಂಘದಾಕೆ: ಚೀಟಿ ಕ್ಯಾಲೆಂಡರ್‌ನಾಗ ಇರೋ ಖರ್ಚಿಗಿ. ರೋಗ ಬಂದ ತಿಂಗಳೇ ಚೀಟಿ ಎತ್ತಬೇಕಂದ್ರ 20,000ದ್ದು 13,000ಕ್ಕೋ 14,000ಕ್ಕೋ ಕೂಗಿ ಎತ್ತಬೇಕು. ನಿನ್ನ ಗರಜು ನೋಡಿ ಉಳಿದವರು ಲಾಭ ಹಂಚ್ಕೋತಾರ. ಅದೂ 1982ರ ಕಾಯ್ದೆ ಪ್ರಕಾರ ರಿಜಿಸ್ಟರ್ ಆದ ಚೀಟಿ ಏನು ನಿಂದು?

ಮಗ್ಗದವ: ಪರಿಚಯದವರು ಅಕ್ಕಾ.

ಸಂಘದಾಕೆ: ಓಡಿ ಹೋದವರೆಲ್ಲಾ ಪರಿಚಯದವರೇ.

ಹೊಲದವ: ಬಂಗಾರ ಅದ ಅಲ್ಲ? ನಾರಾಯಣಪೇಟಿ ಅಂದ್ರ ಸೀರಿ, ಬಂಗಾರ ಎರಡಕ್ಕೂ ಹೆಸರು. ನಮ್ಮ ಕಡಿಂದನೂ ಮಗಳ ಮದುವಿಗಿ ಅಲ್ಲೇ ಹೋಗಿ ಮಾಡಿಸ್ತಾರ. ಒಂದು ತೊಲಿ ಮನ್ಯಾಗ ಇದ್ರ ಧೈರ್ಯ.

ಸಂಘದಾಕೆ: ಧೈರ್ಯ ಅಂತೂ ಹೌದು. ಆದ್ರ ಬಂಗಾರ ಎರಡನೇ ವಾರದ್ದು. ಮೊದಲ ರಾತ್ರಿ ಬಂಗಾರ ಹಿಡ್ಕೊಂಡು ಹೋದ್ರ ಹೇಳಿದ ಬೆಲಿಗಿ ಕೊಡಬೇಕಾಗ್ತದ, ಅಳ್ಕೋತ ಕೊಡ್ತೀರಿ. ನಾಕು ದಿನ ತಡೆಯೋ ಶಕ್ತಿ ಇದ್ರ ಬ್ಯಾಂಕಿಗಿ ಹೋಗಿ ಅಡ ಇಡ್ತೀರಿ. ಆ ಬಡ್ಡಿ ಓಣಿಯವನ ಬಡ್ಡಿಗಿಂತ ಎಷ್ಟೋ ಕಡಿಮಿ, ಒಡವಿನೂ ವಾಪಸ್ ಬರ್ತದ. ಡಬ್ಬಿಯ 10,000 ಬಂಗಾರ ಉಳಿಸ್ಲಿಕ್ಕ ಇರೋದು.

ಮಗ್ಗದವ: ನಿಮ್ಮ ಸಂಘದಾಗ ಅಂಥಾದ್ದೇನರ ಅದ ಏನು, ಕೂಡಲೇ ಕೊಡೋದು?

ಸಂಘದಾಕೆ: ಅದ. ಅದನ್ನ ಜಗಳಾಡಿ ತಂದೀನಿ. ಸಂಘದ ನೇಮ ಏನು, ಮೀಟಿಂಗ್ ಕೂಡಬೇಕು, ಎಲ್ಲರೂ ಒಪ್ಪಬೇಕು, ಪುಸ್ತಕದಾಗ ಬರೀಬೇಕು, ಆಮ್ಯಾಲ ರೊಕ್ಕ. ನೇಮ ಛಲೋದೇ. ಆದ್ರ ಹೆರಿಗಿ ನೋವು ಮೀಟಿಂಗಿನ ದಿನ ನೋಡಿ ಬರ್ತದೇನು? ಒಮ್ಮೆ ಒಬ್ಬಾಕಿ ಸೊಸಿಗಿ ರಕ್ತಸ್ರಾವ ಆಗಿ ರಾಯಚೂರಿಗಿ ಒಯ್ಯಬೇಕಾತು. ಮೀಟಿಂಗ್ ಐದು ದಿನ ಮುಂದ ಇತ್ತು. ಸಂಘದ ಖಾತಿಯಾಗ ರೊಕ್ಕ ಇತ್ತು, ಆಕಿದೂ ಅದ್ರಾಗ ಪಾಲಿತ್ತು. ಆಕಿ ಮಾತ್ರ ಕಿವಿಯಾನ ಓಲೆ ಬಿಚ್ಚಿ ಕೊಟ್ಟಳು. ಮುಂದಿನ ಮೀಟಿಂಗಿನ್ಯಾಗ ನಾ ಕೇಳಿದೆ, ನಾವು ಕೂಡಿ ಹಾಕಿದ್ದು ಬ್ಯಾಂಕಿಗಿ ಲೆಕ್ಕ ತೋರಿಸ್ಲಿಕ್ಕೇನು ಅಂತ. ಅವಾಗಿಂದ 6,000 ಮೂರು ಮಂದಿ ಹತ್ರ ಎರಡೆರಡು ಸಾವಿರ ಹಂಚಿ ಇಟ್ಟೀವಿ. ಬಂದು ಬಾಗಿಲು ಬಡಿದ್ರ ಕೊಡ್ತಾರ, ಕಾರಣ ಕೇಳೂದಿಲ್ಲ. ಎರಡು ಮೀಟಿಂಗಿನೊಳಗ ವಾಪಸ್ ಹಾಕಬೇಕು. ಬಡ್ಡಿ ಇಲ್ಲ.

ಮಗ್ಗದವ: ಯಾರೂ ಮುಳುಗಿಸಿಲ್ಲ?

ಸಂಘದಾಕೆ: ಒಬ್ಬಾಕಿ ತಡಾ ಮಾಡಿದಳು. ಮುಳುಗಿಸಿಲ್ಲ. ಹೊರಗಿನ ಸಾಲದವರಿಗಿ ಮುಖ ತಪ್ಪಿಸಬಹುದು, ದಿನಾ ನಳದ ಹತ್ರ ಕಾಣೋರಿಗಿ ಹ್ಯಾಂಗ ತಪ್ಪಿಸ್ತಿ? ಹಂಗಂತ ಅದನ್ನೂ ಅತಿ ಮಾಡಬಾರದು. 2010ರ ಹೊತ್ತಿಗಿ ಫೈನಾನ್ಸ್ ಕಂಪನಿಯವರು ಇದೇ ಮಾನ ಮರ್ಯಾದಿಯನ್ನ ಹಗ್ಗ ಮಾಡಿ ಕುತ್ತಿಗಿಗಿ ಹಾಕಿದ್ರು. ಒಬ್ಬಾಕಿ ಕಟ್ಟದಿದ್ರ ಒಂಬತ್ತು ಮಂದಿ ಆಕಿ ಮನಿ ಮುಂದ ಕೂಡೋದು.

(ಆ ವರ್ಷ ಅಕ್ಟೋಬರ್ 15ರಂದು ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದು, ವಾರದ ಕಂತನ್ನು ತಿಂಗಳಿಗೆ ಬದಲಿಸಿ, ಮನೆಬಾಗಿಲ ವಸೂಲಿಗೆ ತಡೆಯೊಡ್ಡಿತು. ಅದು ಕಾಯ್ದೆಯೂ ಆಯಿತು. ರಿಸರ್ವ್ ಬ್ಯಾಂಕಿನಡಿ ನೋಂದಣಿಯಾದ ಕಂಪನಿಗಳಿಗೆ ಅದು ಅನ್ವಯಿಸದೆಂದು ತೆಲಂಗಾಣ ಹೈಕೋರ್ಟ್ 2023ರಲ್ಲಿ ಹೇಳಿತು. ಹೊಳೆಯ ಆಚೆ ಕರ್ನಾಟಕ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ತನ್ನದೇ ಸುಗ್ರೀವಾಜ್ಞೆ ತಂದಿತು: ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಹದಿನೈದು ವರ್ಷದ ಅಂತರದಲ್ಲಿ ಒಂದೇ ಹೊಳೆಯ ಎರಡು ದಂಡೆಗೆ ಒಂದೇ ರೋಗ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಇನ್ನೊಂದು ಮಿತಿ ಹಾಕಿದೆ: ಕಿರುಸಾಲ ಪಡೆದ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಆದಾಯ ತಿಂಗಳಿಗೆ ಬಾರದ ಮನೆಯಲ್ಲಿ ಈ ಅರ್ಧವನ್ನು ಯಾವ ತಿಂಗಳು ಅಳೆಯುತ್ತಾರೋ.)

ಹೊಲದವ: ನನಗ ರೈತು ಬೀಮಾ ಅದ. 5 ಲಕ್ಷ. ನಾ ಸತ್ತ್ರ ಮನಿಯವರಿಗಿ ತೊಂದ್ರಿ ಇಲ್ಲ.

ಸಂಘದಾಕೆ: 2018ರಿಂದ ಇರೋ ಯೋಜನಾ, ಪ್ರೀಮಿಯಂ ಸರ್ಕಾರದ್ದೇ, ಛಲೋದು. ಆದ್ರ ಹೊಲ ನಿನ್ನ ಹೆಸರಿನ ಮ್ಯಾಲ ಅದ ಅಂತ ನಿನಗ ಬಂತು. ಕೌಲಿಗಿ ಮಾಡೋ ನಿನ್ನ ತಮ್ಮಗ ಇಲ್ಲ. ವಯಸ್ಸು 59 ದಾಟಿದ ನಿಮ್ಮ ಮಾಮಗ ಇಲ್ಲ. ತಮ್ಮಗ ಬ್ಯಾಂಕಿನ್ಯಾಗ ಎರಡು ಬೀಮಾ ಮಾಡಿಸು. ಜೀವನ ಜ್ಯೋತಿ 436, ಸುರಕ್ಷಾ 20, ವರ್ಷಕ್ಕ 456. ಸತ್ತ್ರ 2 ಲಕ್ಷ, ಅಪಘಾತದಾಗ ಸತ್ತ್ರ ಅದರ ಮ್ಯಾಲ ಇನ್ನೂ 2 ಲಕ್ಷ. ಜ್ಯೋತಿಗಿ ಐವತ್ತರೊಳಗ ಸೇರಬೇಕು, ಸುರಕ್ಷಾ ಎಪ್ಪತ್ತರತನ. ಮೇ ತಿಂಗಳ ಕೊನೀಕ ರೊಕ್ಕ ಖಾತಿಯಿಂದ ತಾನೇ ಕಟ್ ಆಗ್ತದ. ಖಾತಿಯಾಗ ಅವತ್ತು 436 ಇಲ್ಲದಿದ್ರ ಬೀಮಾ ಹೋತು, ಯಾರೂ ಮನಿಗಿ ಬಂದು ಹೇಳೂದಿಲ್ಲ. ಮೇ ಅಂದ್ರ ನಮಗ ಬಿತ್ತಿಗಿ ಮುಂಚಿನ ತಿಂಗಳು, ಕೈ ಪೂರಾ ಖಾಲಿ ಇರೋ ತಿಂಗಳು. ಅದೇ ತಿಂಗಳದಾಗ ಕಟ್ ಆಗಬೇಕು ಅಂತ ಯಾರು ಇಟ್ರೋ.

ಮಗ್ಗದವ: ನಮಗೂ ನೇತನ್ನ ಬೀಮಾ 5 ಲಕ್ಷ ಅಂತ 2022ರಾಗ ಬಂತು. ಅದಕ್ಕಿಂತ ಮೊದಲು ಪೊದುಪು ಅಂತ ಉಳಿತಾಯದ ಯೋಜನಾ ಇತ್ತು. ನಾವು ಕೂಲ್ಯಾಗ ನೂರಕ್ಕ ಎಂಟು ಕಟ್ಟಿದ್ರ ಸರ್ಕಾರ ಹದಿನಾರು ಹಾಕ್ತದ ಅಂತ.

ಸಂಘದಾಕೆ: ಎಂಟಕ್ಕ ಹದಿನಾರು! ಅಂಥಾದ್ದು ಯಾವ ಬ್ಯಾಂಕ್ ಕೊಡ್ತದ? ಸೇರಿದ್ದಿ ಏನು?

ಮಗ್ಗದವ: ಅಪ್ಪ ಸೇರಿದ್ದ. ಮಗ್ಗಕ್ಕ ಜಿಯೋ ಟ್ಯಾಗ್ ನಂಬರ್ ಅಪ್ಪನ ಹೆಸರಿಲೆ ಅದ. ನಾ ಅದೇ ಮಗ್ಗದಾಗ ನೇಯ್ತೀನಿ, ನನ್ನ ಹೆಸರು ಎಲ್ಲೂ ಇಲ್ಲ.

ಸಂಘದಾಕೆ: ನೋಡಿದಿ? ಕಷ್ಟಕಾಲಕ್ಕ ತಯಾರಿ ಅಂದ್ರ ಅರ್ಧ ರೊಕ್ಕ, ಅರ್ಧ ಕಾಗದ. 2009ರ ಅಕ್ಟೋಬರ್‌ನಾಗ ನೆರೆ ಬಂದಾಗ ತುಂಗಭದ್ರಾ ದಂಡಿಯ ರಾಜೋಳಿ ನೀರಾಗ ಹೋತು. ನೇಕಾರರ ಊರು. ಮಗ್ಗದ ಕುಣ್ಯಾಗೆಲ್ಲಾ ರಾಡಿ, ಹಾಸಿನ ರೇಷ್ಮಿ ಸಾಹುಕಾರಂದು, ಅದರ ಬಾಕಿ ನೇಕಾರನ ತಲಿಮ್ಯಾಲ. ಅನ್ನ ನೀರು ಯಾರ್ಯಾರೋ ಕೊಟ್ರು. ಆದ್ರ ಪರಿಹಾರ ಬರ್ಕೊಳ್ಳಾಕ ಬಂದಾಗ ಕಾರ್ಡ್ ಎಲ್ಲಿ, ಪಾಸ್‌ಬುಕ್ ಎಲ್ಲಿ ಅಂದ್ರ, ಟ್ರಂಕಿನ ಜೊತಿ ಹೊಳಿಗಿ ಹೋಗಿತ್ತು. ಅವಾಗಿಂದ ನಮ್ಮ ಮನ್ಯಾಗ ಕಾಗದ ಎಲ್ಲಾ ಒಂದೇ ಪ್ಲಾಸ್ಟಿಕ್ ಕವರ್‌ನಾಗ, ಜಿಪ್ ಹಾಕೋದು, ಬಾಗಿಲ ಹಿಂದಿನ ಮೊಳಿಗಿ ತೂಗಿರ್ತದ. ಮನಿ ಬಿಟ್ಟು ಓಡೋವಾಗ ಕೈಗಿ ಸಿಗಬೇಕು. ಫೋಟೋ ತೆಗೆದು ಮಗಳ ಫೋನಿಗೂ ಕಳಿಸೀನಿ. ಮತ್ತ ಒಂದು ಹಾಳಿಯಾಗ ಬರದೀನಿ, ಯಾರಿಗಿ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು. ನಾ ಸತ್ತ್ರ ಮೂರನೇ ದಿನಕ್ಕ ಯಾವನೋ ಬಂದು ನಿಮ್ಮವ್ವ 50,000 ತಗೊಂಡಿದ್ದಳು ಅಂದ್ರ ಮಗಳು ಹಾಳಿ ತೋರಿಸ್ತಾಳ.

ಹೊಲದವ: ಸಾಯೋ ಮಾತು ಬರದಿಟ್ರ ಮನಿಗಿ ಛಲೋದಲ್ಲ ಅಂತ ನಮ್ಮವ್ವ ಬೈತಾಳ.

ಸಂಘದಾಕೆ: ಸಾಲದ ಲೆಕ್ಕ ಅಂತ ಹೇಳು. ಸಾಲ ಕೊಟ್ಟಾಂವ ಬೈಗುಳಕ್ಕೆ ಹೆದರೂದಿಲ್ಲ, ಹಾಳಿಗಿ ಹೆದರ್ತಾನ. ಎಲ್ಲಿ, ನಿನ್ನ ಕವರ್ ತಂದೀಯಲ್ಲ ಇವತ್ತು, ತೋರಿಸು. ಆಧಾರದಾಗ ಈ ಹೆಸರು. ಪಟ್ಟಾದಾರ್ ಪಾಸ್‌ಬುಕ್ಕಿನ್ಯಾಗ ತೆಲುಗಿನ್ಯಾಗ ಬರದಿದ್ದು ಬ್ಯಾರೆ. ನಿನ್ನ ಕನ್ನಡ ಸಾಲಿ ಟಿಸಿಯಾಗ ಮೂರನೇದು, ಹುಟ್ಟಿದ ತಾರೀಖೂ ಬ್ಯಾರೆ. ಮನೆತನದ ಹೆಸರು ಒಂದ್ರಾಗ ಮುಂದ, ಒಂದ್ರಾಗ ಹಿಂದ, ಒಂದ್ರಾಗ ಇಲ್ಲೇ ಇಲ್ಲ. ಇವು ಮೂರು ಮಂದಿಯ ಕಾಗದ ಅಂತ ಬೀಮಾದವರು ತಿಳ್ಕೊಂಡ್ರ ತಪ್ಪೇನು?

ಹೊಲದವ: ನಾ ಒಬ್ಬನೇ ಅಂತ ಊರಿಗೆಲ್ಲಾ ಗೊತ್ತದ.

ಸಂಘದಾಕೆ: ಊರಿಗಿ ಗೊತ್ತು, ಕಂಪ್ಯೂಟರಿಗಿ ಗೊತ್ತಿಲ್ಲ. ಆಧಾರದಾಗಿನದು ಹಿಡಿದು ಉಳಿದಿದ್ದು ಅದಕ್ಕ ಹೊಂದಿಸ್ಕೋ. ರೈತು ಬೀಮಾಕ್ಕೂ ವಯಸ್ಸು ಆಧಾರದ್ದೇ ನೋಡ್ತಾರ. ಇರ್ಲಿ, ಆ ಬೀಮಾದ ಫಾರ್ಮಿನ್ಯಾಗ ನಾಮಿನಿ ಯಾರು?

ಹೊಲದವ: ಅಪ್ಪ.

ಸಂಘದಾಕೆ: ನಿಮ್ಮಪ್ಪ ತೀರ್ಕೊಂಡು ಎರಡು ವರ್ಷ ಆತಲ್ಲೋ.

ಹೊಲದವ: ಫಾರ್ಮು ಅದಕ್ಕಿಂತ ಮೊದಲಿಂದು.

ಸಂಘದಾಕೆ: ಬ್ಯಾಂಕಿನ ಖಾತಿಗಿ?

ಹೊಲದವ: ಅದಕ್ಕೂ ಅಪ್ಪನೇ ಇರಬೇಕು.

ಸಂಘದಾಕೆ: ಹತ್ತಿ, ಆರ್ಗನೈಸರ್, ಕಂಪನಿ ಎಲ್ಲಾ ಆಮ್ಯಾಲ ನೋಡೂಣು. ಇವತ್ತು ಬುಧವಾರ, ಕೃಷಿ ಇಲಾಖೆಯ ಎಇಓ ರೈತು ವೇದಿಕೆಯಾಗ ಸಿಗ್ತಾನ. ಹೆಂಡ್ತಿ ಆಧಾರ್ ಜೆರಾಕ್ಸ್ ಎರಡು ತಗೋ, ಒಂದು ಆತಗ, ಒಂದು ಬ್ಯಾಂಕಿಗಿ. ಬ್ಯಾಂಕ್ ನಾಕಕ್ಕ ಮುಚ್ತದ.

ಮಗ್ಗದವ: ನನ್ನ ಜಿಯೋ ಟ್ಯಾಗ್?

ಸಂಘದಾಕೆ: ನಿಂದು ನಾರಾಯಣಪೇಟಿಯಾಗ ಚೇನೇತ, ಅಂದ್ರ ಕೈಮಗ್ಗದ ಆಫೀಸಿಗಿ ಹೋಗಿ ಕೇಳಬೇಕು. ನಿಮ್ಮಪ್ಪನ್ನೂ ಕರ್ಕೊಂಡು ಹೋಗು, ಸಹಿ ಬೇಕಾಗ್ತದ.